ಪೆಟ್ಟಿಗೆ ಫೈಟಿಂಗಿನ ವರ್ಷ

ಹೋದ ಶುಕ್ರವಾರ ಜೋಳದ ಹಿಟ್ಟು ತರೋದಕ್ಕೆ ಫಹಾಹೀಲಿಗೆ ಹೋಗಿದ್ದೆ. ಕುವೈತಿನಲ್ಲಿ ನಾನಿರುವ ಮೈದಾನ್ ಹವಲ್ಲಿಯಲ್ಲಿ ಸಿಗೋದಿಲ್ಲ ಅಂತಲ್ಲ. ಸಿಗುತ್ತೆ, ಆದರೆ ಅದರಲ್ಲಿ ರೊಟ್ಟಿ ತಟ್ಟಿದರೆ ಅಂಚು ಹರಿದು ಯಾವುದೋ ದೇಶದ ನಕ್ಷೆ ಆಗುತ್ತೆ. ಫಹಾಹೀಲಿನ ಹಳೆಯ ಅಂಗಡಿಯ ಹಿಟ್ಟೇ ಹಿಟ್ಟು. ಅದರ ಪಕ್ಕದಲ್ಲಿ ಮೊದಲು ಒಂದು ಸಿ.ಡಿ. ಅಂಗಡಿ ಇತ್ತು, ಈಗ ಅಲ್ಲಿ ಮೊಬೈಲ್ ಕವರ್ ಮಾರ್ತಾರೆ. ಒಳಗಿನಿಂದ ಹೊಸ ಪ್ಲಾಸ್ಟಿಕ್ಕಿನ ವಾಸನೆ ಬಂತು ನೋಡಿ, ಸಿ.ಡಿ. ಕವರು ಬಿಚ್ಚಿದಾಗ ಬರ್ತಿತ್ತಲ್ಲ, ಥೇಟ್ ಅದೇ. ನನ್ನ ಕಾಲು ಅಲ್ಲೇ ನಿಂತುಬಿಟ್ಟವು.

ಅಂಗಡಿಯ ಭಾಯಿ ಎದ್ದು ಬಂದು, "ಮೇಡಂ, ಕೌನ್ಸಾ ಮಾಡೆಲ್?" ಅಂದ. ನನ್ನ ಬಾಯಿಂದ ತಾನಾಗೇ ಬಂತು: "ಕುಂಗ್‌ಫೂ ಹೈ ಕ್ಯಾ?" ಪಾಪ, ಒಳಗೆ ಹುಡುಕಿ ಹುಡುಕಿ ಡ್ರ್ಯಾಗನ್ ಚಿತ್ರ ಇರುವ ಒಂದು ಕವರ್ ತಂದು ಕೈಗಿಟ್ಟ. ನಾನು ಅಂಗಡಿ ಮುಂದೆಯೇ ನಿಂತು ಒಬ್ಬಳೇ ನಕ್ಕೆ. ಹೋಗಿಬರುವವರು ತಿರುಗಿ ನೋಡಿದರು. ನೋಡಲಿ. ನಾನು ನಕ್ಕಿದ್ದಕ್ಕೇ ಒಂದಾನೊಂದು ವರ್ಷ ನಮ್ಮ ಪರಿಚಯದ ಅರ್ಧ ಕನ್ನಡದವರು ನನ್ನ ಮೇಲೆ ಮುಖ ಗಂಟು ಹಾಕಿಕೊಂಡಿದ್ದರು. ಗಂಡ ಸತ್ತ ವರ್ಷ ಅದು. ಹೌದು, ಗಂಡ ಸತ್ತ ವರ್ಷ ನಾನು ನಕ್ಕೆ. ಬಾಯಿಗೆ ಸೆರಗು ಹಿಡಿದುಕೊಂಡಲ್ಲ, ಗೋಡೆಯಾಚೆ ಕೇಳುವ ಹಾಗೆ ನಕ್ಕೆ. ಏನೀಗ?

ಗುರುನಾಥ ನನ್ನ ಗಂಡ. ನಾನು ಗುರು ಅಂತ ಹೆಸರು ಹಿಡಿದೇ ಕರೀತಿದ್ದೆ, ಅದಕ್ಕೂ ಅತ್ತೆಮನೆಯಲ್ಲಿ ಮಾತು ಬಂದು ಹೋಗಿತ್ತು. ಇಬ್ಬರೂ ಗದಗಿನವರು. ಅವನು ರಿಫೈನರಿ ಕಡೆಯ ಒಂದು ಕಂಪನಿಯಲ್ಲಿ ಟೆಕ್ನಿಶಿಯನ್, ನಾನು ಒಂದು ಕ್ಲಿನಿಕ್ಕಿನಲ್ಲಿ ಲ್ಯಾಬ್ ಟೆಕ್ನಿಶಿಯನ್. "ನಾ ಪೈಪಿನ ಬಿ.ಪಿ. ನೋಡ್ತೀನಿ, ನೀ ಮನಷ್ಯಾರ ರಕ್ತ ನೋಡ್ತಿ, ಅಷ್ಟ ಫರಕು" ಅಂತಿದ್ದ. ವಾರವಿಡೀ ಬಿಸಿಲು, ಗ್ಯಾಸಿನ ವಾಸನೆ, ಸೂಪರ್‌ವೈಸರನ "ಯಲ್ಲಾ ಯಲ್ಲಾ" ಅನ್ನುವ ಅವಸರ. ಶುಕ್ರವಾರದ ರಜೆ ಬಂತೆಂದರೆ ಮಾತ್ರ ಮನುಷ್ಯ ಬದಲಾಗುತ್ತಿದ್ದ. ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಭಜಿ, ಆಮೇಲೆ ಹಳೆಯ ಕುಂಗ್‌ಫೂ ಕಾಮಿಡಿ ಸಿನಿಮಾ. ಕತ್ತಿ ಹಿಡಿದು ಮುಖ ಬಿಗಿದುಕೊಂಡು ಸೇಡು ತೀರಿಸಿಕೊಳ್ಳುವ ಸಿನಿಮಾ ಅಲ್ಲ. ಬೆಂಚಿನ ಮೇಲೆ, ಬೆಂಚಿನ ಕೆಳಗೆ, ಬೆಂಚನ್ನೇ ಬೆನ್ನಿಗೆ ಕಟ್ಟಿಕೊಂಡು ಬಡಿದಾಡುವ ಸಿನಿಮಾ. ಇಬ್ಬರು ಒಂದೇ ಒಂದು ಕಡುಬಿಗಾಗಿ ಹೋಟೆಲಿನ ತುಂಬ ಹಾರಿ, ಮೇಜು ಮುರಿದು, ಮಾಳಿಗೆ ಹತ್ತಿ, ಆ ಕಡುಬು ಮಾತ್ರ ನೆಲಕ್ಕೆ ಬೀಳದಂತೆ ಕಾದಾಡುವ ಸಿನಿಮಾ. ಮುದುಕಿಯೊಬ್ಬಳು ಒದ್ದೆ ಬಟ್ಟೆ ಹಿಂಡುತ್ತಾ ಹಿಂಡುತ್ತಾ ಹತ್ತು ಗಂಡಸರನ್ನು ಕೆಡವಿ, ಆಮೇಲೆ ಬಟ್ಟೆ ಒಣಹಾಕಿ ಮನೆಗೆ ಹೋಗುವ ಸಿನಿಮಾ.

ಗುರುವಿನದು ಒಂದು ನಿಯಮ ಇತ್ತು. ಟಿ.ವಿ.ಯ ದನಿ ಬಂದ್. ಮಾತೆಲ್ಲ ಅವನದೇ, ಗದಗಿನ ಕನ್ನಡದಲ್ಲಿ. ಉದ್ದ ಬಿಳಿ ಹುಬ್ಬಿನ ಖಳನಾಯಕ ಯಾವ ಸಿನಿಮಾದಲ್ಲಿ ಬಂದರೂ ಅವನ ಹೆಸರು ಹುಬ್ಬಿನ ಸಾವ್ಕಾರ. ಅವನು ಬಾಯಿ ತೆರೆದ ಕೂಡಲೇ ಗುರು ಗುಡುಗುತ್ತಿದ್ದ: "ಏ ಮಗನ, ನಿಮ್ಮವ್ವಗ ಹೇಳಿ ಬಂದೀಯಿಲ್ಲೋ? ಸಂಜೀಕ ಊಟಕ್ಕ ಬರೂದಿಲ್ಲಂತ?" ಮಗಳು ಮೇಘನಾ ಸಾವ್ಕಾರನ ಚೇಲಾಗಳ ಪಾತ್ರ. ಉಳಿದ ದಿನ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ, ಶುಕ್ರವಾರ ಮಾತ್ರ "ಯಪ್ಪಾ ಸಾವ್ಕಾರ್ರ, ನನ್ನ ಸೊಂಟಾ ಮುರೀತ್ರಿ!" ಅಂತ ಚೀರುತ್ತಿದ್ದಳು. ನಮ್ಮ ಮನೆಯ ಕನ್ನಡ ಶಾಲೆ ಅದೇ.

ಈ ಸಿನಿಮಾಗಳಲ್ಲಿ ಒಂದಕ್ಕೆ ನಾವು ಇಟ್ಟ ಹೆಸರು ಪೆಟ್ಟಿಗೆ ಫೈಟಿಂಗ್. ಅದರ ನಿಜವಾದ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ, ಕವರಿನ ಮೇಲೆ ಬರೀ ಚೀನಿ ಅಕ್ಷರ. ಗುರು ಮತ್ತು ಅವನ ಅಣ್ಣ, ಅಂದರೆ ನನ್ನ ಭಾವ ಶಂಕರ, ಚಿಕ್ಕವರಿದ್ದಾಗ ಗದಗಿನ ಟಾಕೀಸಿನಲ್ಲಿ ಅದನ್ನು ನೋಡಿದ್ದರಂತೆ. ಒಂದು ಹೆಣದ ಪೆಟ್ಟಿಗೆ, ಅದಕ್ಕಾಗಿ ಎರಡು ಗುಂಪು ಬಡಿದಾಡುತ್ತವೆ. ಪೆಟ್ಟಿಗೆಯನ್ನು ಗಿರಗಿರ ತಿರುಗಿಸಿ ಹೊಡೀತಾರೆ, ಹೊಳೆಯಲ್ಲಿ ದೋಣಿ ಮಾಡ್ತಾರೆ, ಇಳಿಜಾರಿನಲ್ಲಿ ಜಾರುಬಂಡಿ ಮಾಡ್ತಾರೆ. ಅಳೋದಕ್ಕೆ ಬಂದ ಹೆಂಗಸರು ಎದೆ ಬಡಿದುಕೊಂಡು ಒಂದು ಸಲ ಅತ್ತು, ಒಂದು ಸಲ ಒದ್ದು, ಮತ್ತೆ ಅಳ್ತಾರೆ. ಕೊನೆಗೆ ಬೆಟ್ಟದ ಮೇಲೆ ಎಲ್ಲರೂ ಸೇರಿದಾಗ ಪೆಟ್ಟಿಗೆಯ ಮುಚ್ಚಳ ತಾನಾಗೇ ಅಲುಗಾಡುತ್ತೆ. ಅಷ್ಟರಲ್ಲಿ ಗದಗಿನ ಟಾಕೀಸಿನಲ್ಲಿ ರೀಲು ಸುಟ್ಟುಹೋಯಿತು. ಜನ ಸೀಟಿ ಹೊಡೆದರು, ಕುರ್ಚಿ ಬಡಿದರು, ಮರುದಿನ ಹೋದರೆ ಬೇರೆ ಸಿನಿಮಾ ಹಾಕಿದ್ದರು. ಅಲ್ಲಿಂದ ಶುರುವಾಯಿತು ಅಣ್ಣತಮ್ಮಂದಿರ ಜಗಳ. ಒಳಗಿರುವವನು ಎದ್ದು ಬಂದು ಹುಬ್ಬಿನ ಸಾವ್ಕಾರನನ್ನು ಕೊಲ್ಲುತ್ತಾನೆ ಅಂತ ಅಣ್ಣ. ಪೆಟ್ಟಿಗೆ ಮೊದಲಿನಿಂದಲೂ ಖಾಲಿ, ಅಲುಗಾಡಿಸಿದ್ದು ಒಳಗೆ ಹೊಕ್ಕ ಬೆಕ್ಕು ಅಂತ ತಮ್ಮ. ಇಬ್ಬರಿಗೂ ಮದುವೆಯಾಗಿ ಮಕ್ಕಳಾದವು, ಭಾವ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರಾಗಿ ನಿವೃತ್ತಿಯಾದರು, ಈ ಜಗಳ ಮಾತ್ರ ಮುಗಿದಿರಲಿಲ್ಲ.

ಗುರುವಿಗೆ ಆ ಡಿಸ್ಕ್ ಸಿಕ್ಕಿದ್ದು ಫಹಾಹೀಲಿನ ಆ ಸಿ.ಡಿ. ಅಂಗಡಿಯಲ್ಲಿ, ತಳದಲ್ಲಿ ಧೂಳು ತಿನ್ನುತ್ತಾ ಬಿದ್ದಿತ್ತು. ಮನೆಗೆ ಬಂದು ನೋಡಿದವನೇ ಅಣ್ಣನಿಗೆ ಫೋನ್ ಹಚ್ಚಿದ. "ಅಣ್ಣಾ, ಸಿಕ್ಕೇತಿ. ಕೊನೀ ಫೈಟಿಂಗ್ ಪೂರಾ ಐತಿ." ಆ ಕಡೆಯಿಂದ ಭಾವ, "ಏನಾತು ಹೇಳಲೇ!" ಅಂತ ಕಿರುಚಿದ್ದು ನನಗೂ ಕೇಳಿಸಿತು. ಗುರು ನನಗೆ ಕಣ್ಣು ಹೊಡೆದು, "ಹೇಳೂದಿಲ್ಲ. ಕುವೈತಿಗೆ ಬಾ, ತೋರಸ್ತೀನಿ" ಅಂದ. ನನಗೂ ಮೇಘನಾಗೂ ಬಾಯಿ ಬಿಡಬಾರದೆಂದು ಆಣೆ ಹಾಕಿಸಿದ. ಭಾವ ಬರಲಿಲ್ಲ. ಈ ವರ್ಷ ಮಗಳ ಮದುವೆ, ಬರೋ ವರ್ಷ ಮನೆಯ ಸ್ಲ್ಯಾಬು, ಅದರ ಮುಂದಿನ ವರ್ಷ ಮೊಣಕಾಲು. ಕೊನೆಯಲ್ಲಿ ಏನಾಗುತ್ತೆ ಅಂತ ನಿಮಗೂ ಈಗಲೇ ಹೇಳೋದಿಲ್ಲ. ಗುರು ಹಾಕಿಸಿದ ಆಣೆ.

ಮೇ ತಿಂಗಳ ಒಂದು ಬೆಳಿಗ್ಗೆ ಡ್ಯೂಟಿಗೆ ಹೋದವನು ಅಲ್ಲೇ ಎದೆ ಹಿಡಿದುಕೊಂಡು ಕೂತನಂತೆ. ಆಸ್ಪತ್ರೆಗೆ ನಾನು ಮುಟ್ಟುವಷ್ಟರಲ್ಲಿ ಖಲಾಸ್. ಇಲ್ಲಿಂದ ಊರಿಗೆ ಕಳಿಸೋದು ಪೆಟ್ಟಿಗೆಯಲ್ಲೇ. ನಾನು, ಮೇಘನಾ ಮೇಲೆ ಸೀಟಿನಲ್ಲಿ, ಅವನು ಕೆಳಗೆ ಸಾಮಾನಿನ ಜೊತೆ. ಗಾಳಿಯಲ್ಲಿ ವಿಮಾನ ಅಲುಗಿದಾಗಲೆಲ್ಲ ನನಗೆ ಆ ಪೆಟ್ಟಿಗೆಯದೇ ಚಿಂತೆ. ಗದಗಿನಲ್ಲಿ ಎಲ್ಲ ಕಾರ್ಯ ಮುಗಿಸಿ, ಅತ್ತೆ, ಭಾವ, ನಮ್ಮಣ್ಣ ಎಲ್ಲರೂ ಇನ್ನು ಇಲ್ಲೇ ಇರು ಅಂದರೂ ಕೇಳದೆ ವಾಪಸ್ ಬಂದೆ. ಬಾರದಿದ್ದರೆ ಕೆಲಸ ಹೋಗುತ್ತೆ, ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಹೋಗುತ್ತೆ, ಮತ್ತೆ ಈ ದೇಶದ ಬಾಗಿಲು ತೆರೆಯೋದಿಲ್ಲ. ಮೇಘನಾ ಹತ್ತನೇ ಕ್ಲಾಸು, ಅವಳ ಪರೀಕ್ಷೆ ಮುಗಿಯುವವರೆಗೆ ಹೋಗಲಿ ಬಿಡು ಅಂತ ಅವರೂ ಒಪ್ಪಿಕೊಂಡರು. ಪರೀಕ್ಷೆ ಅವರ ನೆಪ. ನಾನು ಬಂದಿದ್ದು ನನ್ನ ಕೆಲಸ, ನನ್ನ ಮನೆ, ನನ್ನ ಶುಕ್ರವಾರ ಇಲ್ಲಿ ಇದ್ದವು ಅಂತ.

ಕಂಪನಿ ಕೊಟ್ಟಿದ್ದ ಫ್ಲ್ಯಾಟು ಬಿಡಬೇಕಾಯಿತು. ಮೈದಾನ್ ಹವಲ್ಲಿಯಲ್ಲಿ ನನ್ನ ಕ್ಲಿನಿಕ್ಕಿನ ಹತ್ತಿರ ಒಂದು ರೂಮಿನ ಮನೆ ಹಿಡಿದೆ. ಜುಲೈ ತಿಂಗಳು. ನಲ್ಲಿ ತಿರುಗಿಸಿದರೆ ಚಹಾ ಮಾಡುವಷ್ಟು ಬಿಸಿ ನೀರು, ಬಾಗಿಲಿನ ಹಿಡಿಕೆ ಮುಟ್ಟಿದರೆ ಕೈ ಚುರ್ ಅನ್ನೋದು. ಮೇಘನಾ ಸಾಮಾನಿನ ರಟ್ಟಿನ ಡಬ್ಬಿ ಬಿಚ್ಚುತ್ತಾ ಇದ್ದವಳು ಒಂದು ಶುಕ್ರವಾರ ಸುಮ್ಮನೆ ಪೆಟ್ಟಿಗೆ ಫೈಟಿಂಗ್ ಡಿಸ್ಕ್ ತಂದು ನನ್ನ ಮುಂದೆ ಹಿಡಿದಳು. ಬೇಡ ಅಂತ ಬಾಯಿತನಕ ಬಂತು. ಪೆಟ್ಟಿಗೆ ನೋಡುವ ಧೈರ್ಯ ಯಾರಿಗಿತ್ತು? ಆದರೆ ಹುಡುಗಿಯ ಮುಖ ನೋಡಿ "ಹಚ್ಚು" ಅಂದೆ. ಅರ್ಧ ಸಿನಿಮಾ ಇಬ್ಬರೂ ಮೂಕಿಯರ ಹಾಗೆ ಕೂತಿದ್ದೆವು. ದನಿ ಬಂದ್ ಮಾಡಿದ್ದೆವು, ಅಭ್ಯಾಸ. ಮಾತಾಡುವವನಿಲ್ಲ. ಹುಬ್ಬಿನ ಸಾವ್ಕಾರ ಬಂದು ಬಾಯಿ ಆಡಿಸಿದ, ಮನೆಯೆಲ್ಲ ನಿಶ್ಶಬ್ದ. ನನಗೆ ಏನಾಯಿತೋ, "ಏ ಮಗನ, ನಿಮ್ಮವ್ವಗ ಹೇಳಿ ಬಂದೀಯಿಲ್ಲೋ?" ಅಂತ ಕೂಗಿಬಿಟ್ಟೆ. ಗಂಟಲು ಒಡೆದು ಕತ್ತೆ ಅರಚಿದ ಹಾಗೆ ಬಂತು. ಮೇಘನಾ ಬೆಚ್ಚಿ ನೋಡಿದಳು, ಆಮೇಲೆ ಚಿಕ್ಕ ದನಿಯಲ್ಲಿ, "ಹೇಳಿಲ್ರಿ ಸಾವ್ಕಾರ್ರ, ಮರ್ತಬಿಟ್ಟೆ" ಅಂದಳು. ಶುರುವಾಯಿತು ನೋಡಿ. ಅತ್ತು ಅತ್ತು ಒಣಗಿದ್ದ ಹೊಟ್ಟೆಯಿಂದ ನಗು ಕಿತ್ತುಕೊಂಡು ಬಂತು.

ಸರಿಯಾಗಿ ಅದೇ ಹೊತ್ತಿಗೆ ಬಾಗಿಲು ತೆರೆದು ಶಾರದಕ್ಕ ಬಂದರು. ಮೇಲಿನ ಮಹಡಿಯವರು, ಮೈಸೂರು ಕಡೆಯವರು. ಯಜಮಾನರು ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದಾರೆ. ನಮ್ಮ ಕನ್ನಡದ ಬಳಗದಲ್ಲಿ ಹಬ್ಬ ಯಾವ ದಿನ, ಮಡಿ ಎಷ್ಟು, ರಂಗೋಲಿ ಯಾರು ಅಂತ ತೀರ್ಮಾನ ಮಾಡುವವರು ಅವರೇ. ಹಿಂದೆ ಇನ್ನಿಬ್ಬರು ಹೆಂಗಸರು, ಕೈಯಲ್ಲಿ ಬಿಸಿಬೇಳೆಬಾತಿನ ಟಿಫನ್ ಕ್ಯಾರಿಯರು. ಮಾತಾಡಿಸಿ ಸಮಾಧಾನ ಹೇಳೋದಕ್ಕೆ ಬಂದವರು. ಟಿ.ವಿ.ಯಲ್ಲಿ ಅಳುವ ಹೆಂಗಸರು ಪೆಟ್ಟಿಗೆಯ ಮೇಲೆ ನಿಂತು ಗಂಡಸರನ್ನು ಒದೆಯುತ್ತಿದ್ದಾರೆ. ಗಂಡ ಸತ್ತ ಹೆಂಗಸು ನೆಲದ ಮೇಲೆ ಹೊಟ್ಟೆ ಹಿಡಿದುಕೊಂಡು ಉರುಳಾಡಿ ನಗುತ್ತಿದ್ದಾಳೆ.

"ಶಿವ ಶಿವಾ! ಏನಮ್ಮಾ ಶೋಭಾ ಇದು?"

ಮೇಘನಾ ರಿಮೋಟಿಗೆ ಹಾರಿದಳು. ನಾನು ಅವಳ ಕೈ ಹಿಡಿದೆ. "ಇರ್ಲಿ ಬಿಡು. ಅಕ್ಕಾರ, ಬರ್ರಿ, ಕೂಡ್ರಿ. ಇನ್ನ ಸ್ವಲ್ಪ ಐತಿ." ಅವರು ಕೂರಲಿಲ್ಲ. ಕ್ಯಾರಿಯರು ಮೇಜಿನ ಮೇಲಿಟ್ಟು, ಒಬ್ಬರ ಹಿಂದೊಬ್ಬರು ಹೊರಟೇ ಹೋದರು, ಒಂದು ಮಾತಿಲ್ಲ.

ಒಂದು ಮಾತಿಲ್ಲ ಅಂದೆನಲ್ಲ, ಅದು ಸಿಟ್ಟಿಗೆ ಮಾತ್ರ ಅಲ್ಲ. ಸಾವಿನ ಮನೆಯಿಂದ ಹೊರಡುವಾಗ "ಹೋಗಿ ಬರ್ತೀವಿ" ಅನ್ನಬಾರದು, ಸುಮ್ಮನೆ ಎದ್ದು ಹೋಗಬೇಕು. ಅಂಥ ಕಾರಣಕ್ಕೆ ಮತ್ತೆ ಬರುವ ಹಾಗಾಗದಿರಲಿ ಅಂತ. ಪದ್ಧತಿ ನನಗೂ ಗೊತ್ತು. ನಮ್ಮೂರಲ್ಲಿ ಅದು ಮಾತಾಡಿಸೋಕೆ ಬಂದ ದಿನದ ಮಟ್ಟಿಗೆ, ಕಾರ್ಯ ಮುಗಿದ ಮೇಲೆ ಯಾರಿಗೆ ನೆನಪಿರುತ್ತೆ? ಆದರೆ ಇಲ್ಲಿ ಮೈಸೂರಿನವರು, ಧಾರವಾಡದವರು, ಮಂಗಳೂರಿನವರು ಎಲ್ಲ ಕೂಡಿ ಪದ್ಧತಿ ಹುಡುಕುವಾಗ, ಯಾರ ಊರಿನದು ಎಲ್ಲಕ್ಕಿಂತ ಬಿಗಿಯೋ ಅದನ್ನೇ ಹಿಡೀತಾರೆ, ಯಾಕೆ ಬೇಕು ರಿಸ್ಕು ಅಂತ. ಅದಕ್ಕೆ ಇನ್ನೊಂದಿಷ್ಟು ತಮ್ಮದೂ ಸೇರಿಸ್ತಾರೆ. "ವರ್ಷದ ತಿಥಿ ಆಗೋವರೆಗೂ ಆ ಮನೇಲಿ ಯಾರೂ ಬರ್ತೀವಿ ಅನ್ನಬೇಡಿ" ಅಂತ ಶಾರದಕ್ಕ ಹೇಳಿದ್ದನ್ನು ಬಳಗದವರೆಲ್ಲ ತಲೆಯ ಮೇಲೆ ಹೊತ್ತುಕೊಂಡರು. ಕೆಟ್ಟ ಮನಸ್ಸಿನಿಂದಲ್ಲ, ಅದು ನನಗೂ ಗೊತ್ತಿತ್ತು. ಅದೇ ಜನ ನನಗೆ ಮನೆ ಹುಡುಕಿಕೊಟ್ಟರು, ಮೇಘನಾಳ ಇಕಾಮಾ ನನ್ನ ಹೆಸರಿಗೆ ಮಾಡಿಸುವಾಗ ಆಫೀಸಿಂದ ಆಫೀಸಿಗೆ ಕಾರಿನಲ್ಲಿ ತಿರುಗಿಸಿದರು. ಆದರೆ ಮನೆಗೆ ಬಂದು ಚಹಾ ಕುಡಿದು ಎದ್ದರೆಂದರೆ, ಕಳ್ಳರ ಹಾಗೆ ಚಪ್ಪಲಿ ಮೆಟ್ಟಿ ಮಾಯ.

ಒಂದು ಸಲ ಹುಬ್ಬಳ್ಳಿ ಕಡೆಯ ಒಬ್ಬ ಎಂಜಿನಿಯರ್ ಹುಡುಗ, ಗ್ಯಾಸ್ ಸಿಲಿಂಡರ್ ಹೊತ್ತು ತಂದುಕೊಟ್ಟು, ಬಾಗಿಲ ಹತ್ತಿರ ತಿರುಗಿ, "ಅಕ್ಕಾರ, ಬರ್ತೀ..." ಅಂದವನೇ ನಾಲಿಗೆ ಕಚ್ಚಿಕೊಂಡ. ಕಣ್ಣು ಮೇಲೆ ಮಾಡಿ, ಕೆನ್ನೆ ಕೆನ್ನೆ ಬಡಿದುಕೊಂಡು, ಮೆಟ್ಟಿಲನ್ನು ಎರಡೆರಡು ಹಾರಿ ಓಡಿದ. ನಾನು ಕಟಾಂಜನ ಹಿಡಿದು ಬಗ್ಗಿ, "ಬಾರಪಾ ಮತ್ತ! ನನ್ನ ಮನೀ ಏನ ಹುಲೀ ಗವಿ ಅಲ್ಲ" ಅಂತ ಕೂಗಿದೆ. ನಗು ಬಂತು, ಸಂಕಟವೂ ಆಯಿತು. ಯಾರೂ ಬರ್ತೀನಿ ಅನ್ನದ ಮನೆಯಲ್ಲಿ ಇದ್ದು ನೋಡಿ ಗೊತ್ತಾಗುತ್ತೆ. ಪ್ರತಿ ಸಲ ಬಾಗಿಲು ಹಾಕಿದಾಗಲೂ ಗುರು ಇನ್ನೊಂದು ಸಲ ಸತ್ತ ಹಾಗಾಗೋದು.

ನಾನೂ ಹಟಕ್ಕೆ ಬಿದ್ದೆ. ಪ್ರತಿ ಶುಕ್ರವಾರ ಸಿನಿಮಾ, ಕಿಟಕಿ ತೆರೆದಿಟ್ಟೇ ನಗು. ನಮ್ಮ ಅಡುಗೆಮನೆಯ ಕಿಟಕಿ ಕಟ್ಟಡದ ಒಳಗಿನ ಗಾಳಿಗಿಂಡಿಗೆ ತೆರೆಯುತ್ತೆ, ಅಲ್ಲಿ ಕೆಮ್ಮಿದರೂ ನಾಲ್ಕು ಮಹಡಿಗೆ ಕೇಳುತ್ತೆ. ಸುದ್ದಿ ಹರಡಿತು. ಶೋಭಾಗೆ ತಲೆ ಕೆಟ್ಟಿದೆ ಅಂದರು ಕೆಲವರು. ಗಂಡ ಹೋಗಿದ್ದೇ ಒಳ್ಳೇದಾಯ್ತು ಅಂತ ಕುಣೀತಿದಾಳೆ ಅಂದವರೂ ಇದ್ದರಂತೆ, ಅವರ ನಾಲಿಗೆಗೆ ಏನು ಹೇಳೋದು? ಅಕ್ಟೋಬರಿನಲ್ಲಿ ಬಿಸಿಲು ಇಳಿಯಿತು, ನವೆಂಬರಿನಲ್ಲಿ ಒಂದು ದಿನ ಮಳೆ ಸುರಿದು ರಸ್ತೆಯಲ್ಲಿ ಕಾರು ತೇಲಿದವು, ಚಳಿಗಾಲ ಬಂದು ಸಂಜೆಗೆ ಸ್ವೆಟರ್ ಬೇಕಾಯಿತು. ನಮ್ಮ ಸಿನಿಮಾ ತಪ್ಪಲಿಲ್ಲ. ಮೇಘನಾ ಗಣಿತದ ಪುಸ್ತಕ ತೊಡೆಯ ಮೇಲಿಟ್ಟುಕೊಂಡೇ ಚೇಲಾಗಳ ಮಾತಾಡಿದಳು. ಕಡುಬಿನ ಕಾಳಗದಲ್ಲಿ ನಾನು ಗುರುವಿಗಿಂತ ಚೆನ್ನಾಗಿ ಬೈಯೋದು ಕಲಿತೆ.

ಜನವರಿಯಲ್ಲಿ ಭಾವನ ಫೋನ್ ಬಂತು. ಯಾರು ಮುಟ್ಟಿಸಿದ್ದರೋ, ಎಲ್ಲ ಮುಟ್ಟಿತ್ತು. "ಶೋಭಾ, ಅಲ್ಲಿ ಏನ ನಡದೈತಿ? ನಾನ ಬರ್ತೀನಿ. ಹುಡಿಗೀ ಪರೀಕ್ಷಾ ಮುಗಿದ ಕೂಡ್ಲೆ ಕರಕೊಂಡ ಬರ್ತೀನಿ. ವರ್ಷದ ತಿಥಿ ಮಾಡಿ ಇಲ್ಲೇ ಇದ್ದಬಿಡ್ರಿ." ತಮಾಷೆ ನೋಡಿ, ಇಲ್ಲಿ ಅವರಿಗೆ ವಿಸಿಟ್ ವೀಸಾ ಮಾಡಿಸಬೇಕಾದವಳು ನಾನೇ. ನನ್ನನ್ನು ಹೊತ್ತುಕೊಂಡು ಹೋಗೋದಕ್ಕೆ ಬರುವವರಿಗೆ ನಾನೇ ಸಹಿ ಹಾಕಿ ಕರೆಸಿಕೊಂಡೆ. ಬೇಡ ಅಂದಿದ್ದರೆ ಹೆದರಿದಳು ಅಂತಾಗುತ್ತಿತ್ತು. ಬರಲಿ, ಮುಖಾಮುಖಿ ಆಗಿಬಿಡಲಿ ಅಂದುಕೊಂಡೆ.

ಮಾರ್ಚಿನಲ್ಲಿ, ಇನ್ನೂ ಪರೀಕ್ಷೆ ನಡೀತಿರುವಾಗಲೇ ಬಂದರು. ಖಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಎಲ್ಲ ಚೀಲದಿಂದ ತೆಗೆದಿಟ್ಟು, ಗುರುವಿನ ಫೋಟೋದ ಮುಂದೆ ನಿಂತರು. ಪಿ.ಟಿ. ಮಾಸ್ತರರ ನೆಟ್ಟಗಿನ ಬೆನ್ನು ಸ್ವಲ್ಪ ಬಾಗಿತ್ತು. ಎರಡು ದಿನ ಏನೂ ಮಾತೆತ್ತಲಿಲ್ಲ. ಶುಕ್ರವಾರ ಬೆಳಿಗ್ಗೆ ಧೂಳಿನ ಗಾಳಿ ಎದ್ದಿತು. ಆಕಾಶ ಎಲ್ಲ ಕಿತ್ತಳೆ ಬಣ್ಣ, ಎದುರಿನ ಕಟ್ಟಡ ಕಾಣದು. ಕಿಟಕಿ ಸಂದಿಗೆ ಒದ್ದೆ ಟವೆಲ್ ತುರುಕಿ ಕೂತೆವು. ಶಾರದಕ್ಕ ಮೇಲಿಂದ ಇಳಿದು ಬಂದರು, ಕೈಯಲ್ಲಿ ಯಥಾಪ್ರಕಾರ ಕ್ಯಾರಿಯರು. ಅವರು ಕೂತ ಮೇಲೆ ಭಾವ ಗಂಟಲು ಸರಿಮಾಡಿಕೊಂಡರು. ಇವರಿಬ್ಬರೂ ಮೊದಲೇ ಫೋನಿನಲ್ಲಿ ಮಾತಾಡಿಕೊಂಡಿದ್ದಾರೆ ಅಂತ ನನಗೆ ಆಗ ಹೊಳೆಯಿತು.

"ಮ್ಯಾಲಿನ ಖೋಲಿ ನಿಮಗಂತ ಸಾರಿಸಿ ಇಟ್ಟೀವಿ. ಒಂದ ಲ್ಯಾಬಿನ್ಯಾಗ ನಿನ್ನ ಕೆಲಸಕ್ಕ ಮಾತಾಡೀನಿ. ಇನ್ನ ಇಲ್ಲಿ ಯಾರದಾರ ನಿನಗ?"

"ನಾನ ಅದೀನಲ್ರಿ."

"ಹಂಗಲ್ಲವಾ. ಜನಾ ಏನಂತಾರ?"

"ಅಂದಾಗೇತ್ರಿ ಭಾವಾರ. ವರ್ಷಾಗಾಕ ಬಂತು, ಎಲ್ಲಾ ಅಂದ ಮುಗಸ್ಯಾರ. ನೀವ ಕಡೀಕ ಬಂದೀರಿ."

ಶಾರದಕ್ಕ ಮೆತ್ತಗೆ, "ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದಮ್ಮ. ಒಬ್ಬ ಹೆಂಗಸು, ಬೆಳೆದ ಮಗಳು..." ಅಂದರು.

ನನಗೆ ಸಿಟ್ಟು ನೆತ್ತಿಗೇರಿತು. ಎದ್ದು ನಿಂತೇ ಹೇಳಿದೆ: "ಭಾವಾರ, ನಾ ಬರೂದಿಲ್ಲ. ತಿಥಿಗೆ ಬರ್ತೀನಿ, ನಾಕ ದಿನ ಇರ್ತೀನಿ, ತಿರುಗಿ ಇಲ್ಲೇ ಬರ್ತೀನಿ. ಮೇಘನಾನ ಇಕಾಮಾ ಈಗ ನನ್ನ ಹೆಸರಿನ ಮ್ಯಾಲ ಐತಿ. ಈ ಮನೀ ನಂದು. ಗುರು ಇದ್ದಾಗ ನಗೂ ಮನೀ ಇತ್ತು, ಇನ್ನೂ ನಗೂ ಮನೀನ ಇರತೈತಿ. ಅಳೂದೂ ಅಳ್ತೀನಿ, ನಿಮಗ ಫೋನ ಹಚ್ಚಿ ಅಳೂದಿಲ್ಲ ಅಷ್ಟ."

ಹೊರಗೆ ಗಾಳಿ ಕಿಟಕಿಗೆ ಬಡೀತಿತ್ತು. ನಾನು ಕಪಾಟು ತೆಗೆದು ಡಿಸ್ಕ್ ತಂದು ಭಾವನ ಕೈಗೆ ಕೊಟ್ಟೆ. "ನಿಮ್ಮ ತಮ್ಮ ನಿಮ್ಮನ್ನ ಕುವೈತಿಗೆ ಕರದದ್ದು ಇದಕ್ಕ. ನೀವ ಬರಲಿಲ್ಲ. ಈಗ ಬಂದೀರಿ. ಮೊದಲ ಇದನ್ನ ನೋಡ್ರಿ, ಆಮ್ಯಾಲ ಬೇಕಾದ್ದ ಮಾತಾಡ್ರಿ." ಭಾವ ಆ ಕವರನ್ನು ತಿರುಗಿಸಿ ಮುರುಗಿಸಿ ನೋಡಿದರು. "ಪೆಟ್ಟಿಗೀದ?" ಅಂದರು. "ಹೌದ್ರಿ" ಅಂದೆ.

ಮೇಘನಾ ಹಚ್ಚಿದಳು, ದನಿ ಬಂದ್ ಮಾಡಿದಳು. ಭಾವ ಮೊದಲು ಟಿ.ವಿ. ಕಡೆ ಅರ್ಧ ಬೆನ್ನು ಮಾಡಿ, ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತರು. ನಾನು ಸಾವ್ಕಾರನ ದನಿ ತೆಗೆದೆ. ಮೇಘನಾ ಚೇಲಾ. ಪೆಟ್ಟಿಗೆ ಇಳಿಜಾರಿನಲ್ಲಿ ಜಾರತೊಡಗಿದಾಗ ಭಾವನ ಕತ್ತು ತಿರುಗಿತು. ಹೊಳೆಯ ಹೊತ್ತಿಗೆ ಮೈಯೂ ತಿರುಗಿತ್ತು. ನಾನು ಏನೋ ಡೈಲಾಗ್ ಹೊಡೆದೆ, ಅವರು ತಡೆಯಲಾರದೆ, "ಏ, ಹಂಗಲ್ಲ! ಅಲ್ಲಿ ಸಾವ್ಕಾರ ಬೈಯೂದಿಲ್ಲ, ಅಂವಗ ಸೀನು ಬರತೈತಿ. ನೋಡಲ್ಲಿ, ಮೂಗ ನೋಡು!" ಅಂದರು. ನಿಜಕ್ಕೂ ಸಾವ್ಕಾರ ಸೀನಿದ. ಇಷ್ಟು ವರ್ಷ ನೋಡಿದ ನಮಗ್ಯಾರಿಗೂ ಅದು ಕಂಡಿರಲಿಲ್ಲ. ಅಲ್ಲಿಂದ ಮುಂದೆ ಸಾವ್ಕಾರನ ದನಿ ಭಾವನದೇ. ಮೈದಾನದಲ್ಲಿ ನೂರಾರು ಹುಡುಗರನ್ನು ಕೂಗಿ ನಿಲ್ಲಿಸಿದ ಕಂಠ, ಮನೆಯೇ ನಡುಗಿತು. ಥೇಟ್ ಗುರುವಿನ ದನಿ. ಮೇಘನಾ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಬೆಟ್ಟ ಬಂತು. ಎಲ್ಲರೂ ಎಲ್ಲರನ್ನೂ ಬಡೀತಿದ್ದಾರೆ. ಮುಚ್ಚಳ ಅಲುಗಿತು. ಗದಗಿನಲ್ಲಿ ರೀಲು ಸುಟ್ಟ ಜಾಗ ಅದೇ. ಭಾವ ಕುರ್ಚಿಯ ಅಂಚಿಗೆ ಬಂದು ಉಸಿರು ಬಿಗಿಹಿಡಿದರು. ಮುಚ್ಚಳ ಸರಿಯಿತು. ಒಳಗಿನಿಂದ ಸತ್ತವನು ಎದ್ದು ಕೂತ, ದಪ್ಪನೆಯ ಮುದುಕ, ಆಕಳಿಸಿದ. ಭಾವ ತೊಡೆ ತಟ್ಟಿ, "ನಾ ಹೇಳಿರಲಿಲ್ಲ? ಎದ್ದ ನೋಡ! ಈಗ ಕೊಲ್ತಾನ!" ಅಂದರು. ಮುದುಕ ಸುತ್ತಮುತ್ತ ನೋಡಿದ. ತನ್ನ ಪೆಟ್ಟಿಗೆಗಾಗಿ ಅಷ್ಟೂ ಜನ ಹೊಡೆದಾಡುತ್ತಿದ್ದಾರೆ, ಒಬ್ಬನಾದರೂ ಅವನ ಕಡೆ ತಿರುಗಿ ನೋಡಲಿಲ್ಲ. ಎಡೆಗೆ ಇಟ್ಟಿದ್ದ ತಟ್ಟೆಯಿಂದ ಒಂದು ಕಡುಬು ತೆಗೆದುಕೊಂಡು ಸಾವಕಾಶ ತಿಂದ. ಕೈ ಒರೆಸಿಕೊಂಡ. ಮತ್ತೆ ಮಲಗಿ, ಮುಚ್ಚಳ ತಾನೇ ಎಳೆದುಕೊಂಡ. ಜಗಳ ನಡೀತಾನೇ ಇತ್ತು. ಸಿನಿಮಾ ಮುಗಿಯಿತು.

ಗುರು ಆ ಮುದುಕನಿಗೆ ಒಂದು ಮಾತು ಇಟ್ಟಿದ್ದ. ಅದನ್ನು ಹೇಳುವ ಧೈರ್ಯ ಆ ವರ್ಷವಿಡೀ ನಮಗೆ ಬಂದಿರಲಿಲ್ಲ. ಅವತ್ತು ಮೇಘನಾ ಹೇಳಿದಳು, ಥೇಟ್ ಅವರಪ್ಪನ ಹಾಗೆ: "ನಿಮ್ಮ ಗದ್ಲ ಮುಗಿದ ಮ್ಯಾಲ ಎಬ್ಬಸ್ರೆಪಾ."

ಭಾವ ನಕ್ಕರು. ಮೊದಲು ಮೂಗಿನಲ್ಲಿ, ಆಮೇಲೆ ಭುಜ ಕುಣಿಸಿ, ಆಮೇಲೆ ಕೆಮ್ಮು ಬರುವವರೆಗೆ. ಹೆಗಲ ಟವೆಲ್ಲು ಮುಖಕ್ಕೆ ಒತ್ತಿಕೊಂಡವರು ಎಷ್ಟು ಹೊತ್ತಾದರೂ ತೆಗೆಯಲಿಲ್ಲ. ಒಳಗೆ ಅಳು ನಡೆದಿತ್ತು. "ಇಬ್ರೂ ಸೋತ್ವಿ ಶೋಭಾ. ಖಾಲೀನೂ ಇರಲಿಲ್ಲ, ಕೊಲ್ಲಲೂ ಇಲ್ಲ. ಹೇಳಬಾರದಿತ್ತೇನ ಅಂವ, ಫೋನಿನ್ಯಾಗರ ಹೇಳಬಾರದಿತ್ತೇನ" ಅಂದರು. "ನೀವ ಬರಬೇಕಿತ್ರಿ" ಅಂದೆ. ಕಠಿಣವಾಗಿಯೇ ಅಂದೆ, ಅವರೂ ತಲೆಯಾಡಿಸಿದರು. ನಾನೂ ಅಲ್ಲೇ ಕೂತು ಅತ್ತೆ. ಶಾರದಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಎದ್ದರು. ಅವರ ಹೊಟ್ಟೆ ಕುಲುಕುತ್ತಿತ್ತು, ಕಣ್ಣಲ್ಲಿ ನೀರು, ನಗುವೋ ಅಳುವೋ ಹೇಳೋದಕ್ಕಾಗಲಿಲ್ಲ. ಪದ್ಧತಿ ಮಾತ್ರ ಬಿಡಲಿಲ್ಲ, ಮಾತಿಲ್ಲದೆ ಹೋದರು.

ಆಮೇಲೆ ಭಾವ ಊರಿಗೆ ನಡಿ ಅನ್ನಲಿಲ್ಲ. ಇಲ್ಲೇ ಇರು ಅಂತಲೂ ಅನ್ನಲಿಲ್ಲ. ನಾನು ಒಪ್ಪಿಗೆ ಕೇಳಿರಲೂ ಇಲ್ಲ. ಉಳಿದ ದಿನ ಸಮುದ್ರದ ದಂಡೆಗೆ ವಾಕಿಂಗ್ ಹೋದರು, ಗುರು ಕೆಲಸ ಮಾಡುತ್ತಿದ್ದ ಕಡೆ ಒಮ್ಮೆ ಟ್ಯಾಕ್ಸಿಯಲ್ಲಿ ಹೋಗಿ ಬೇಲಿಯ ಆಚೆಯಿಂದ ಚಿಮಣಿ ನೋಡಿ ಬಂದರು, ಮೇಘನಾಗೆ ಕೈಯಿಂದ ಪುಸ್ತಕ ಬಿಡದೆ ಬಸ್ಕಿ ಹೊಡೆಯೋದು ಕಲಿಸಿದರು. ಮನೆಗೆ ಫೋನ್ ಮಾಡಿ ಅತ್ತೆಗೆ, "ಆಕೀ ತಿಥಿಗೆ ಬರ್ತಾಳ. ಆಮ್ಯಾಲ ತಿರುಗಿ ಹೊಕ್ಕಾಳ. ಸುಮ್ನಿರು" ಅಂದಿದ್ದು ಅಡುಗೆಮನೆಯಿಂದ ಕೇಳಿಸಿತು.

ಹೊರಡುವ ದಿನ ಕೆಳಗೆ ಟ್ಯಾಕ್ಸಿಯವನು ಹಾರ್ನ್ ಹೊಡೀತಿದ್ದ. ಶಾರದಕ್ಕ ಮೆಟ್ಟಿಲ ಮೇಲೆ ನಿಂತಿದ್ದರು, ದಾರಿಗೆ ಮೊಸರನ್ನದ ಡಬ್ಬಿ ತಂದಿದ್ದರು. ಭಾವ ಗುರುವಿನ ಫೋಟೋಗೆ ಕೈ ಮುಗಿದು, ಮೇಘನಾಳ ತಲೆ ಸವರಿ, ಚಪ್ಪಲಿ ಮೆಟ್ಟಿದರು. ಹೊಸ್ತಿಲು ದಾಟಿ ತಿರುಗಿ ನಿಂತರು. "ಬರ್ತೀನವಾ" ಅಂದರು.

ಶಾರದಕ್ಕ ಒಂದು ಮೆಟ್ಟಿಲು ಇಳಿದರು. "ಅಯ್ಯೋ, ಇನ್ನೂ ವರ್ಷ ಆಗಿಲ್ಲ, ಹಾಗೆ ಅನ್ನಬಾರದು!"

ತಾವು ಅಂದಿದ್ದೇನು ಅಂತ ಭಾವನಿಗೂ ಆಗಲೇ ಹೊಳೆದದ್ದು. ಕೈ ಅರ್ಧ ಬಾಯಿಯ ಹತ್ತಿರ ಹೋಯಿತು. ನನ್ನ ಮುಖ ನೋಡಿದರು. ಕೈ ಇಳಿಸಿದರು. "ಅಂದೀನಲ್ಲ, ಅಂದೀನಿ. ನಮ್ಮ ತಮ್ಮನ ಮನೀ. ಬರ್ತೀನಿ" ಅಂತ, ಮೊದಲಿಗಿಂತ ಗಟ್ಟಿಯಾಗಿ, ಮೈದಾನದ ಕಂಠದಲ್ಲಿ ಅಂದರು. ಗಾಳಿಗಿಂಡಿಯ ನಾಲ್ಕೂ ಮಹಡಿಗೆ ಕೇಳಿರಬೇಕು.

ನಾನು ಕಣ್ಣು ಒರೆಸಿಕೊಳ್ಳಲಿಲ್ಲ. "ಬರ್ರಿ ಭಾವಾರ" ಅಂದೆ. "ಕಡುಬಿನ ಫೈಟಿಂಗ್ ಇನ್ನೂ ನೋಡಿಲ್ಲ ನೀವು."